ಬರಹಗಾರರಿಗೆ ಸಲಹೆ: ಬಸುರಿ, ಮಲೇರಿಯಾ ಮತ್ತು ಪ್ರತಿಕಾಯದ ಲೆಕ್ಕ

ಮಾನ್ಯರೇ,

‘ತಾಯಿಯ ರಕ್ತದ ಕಾವಲುಗಾರರು’ ಲೇಖನ ತಲುಪಿತು. ಗರ್ಭಿಣಿಗೆ ಮಲೇರಿಯಾ ತಗುಲಿದಾಗ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳ (ರೋಗಾಣುವನ್ನು ಹಿಡಿಯುವ ರಕ್ತದ ಪ್ರೋಟೀನುಗಳ) ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ. ಹಾಗಾಗಿ ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡಬೇಡಿ. ಎಲ್ಲಿ ಎಡವಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಮೊದಲ ಎರಡು ಪುಟ ತೆಗೆದುಹಾಕಿ. ಸೊಳ್ಳೆ ಕಚ್ಚುವುದು, ಚಳಿಜ್ವರ ಬರುವುದು, ಮನೆ ಸುತ್ತ ನೀರು ನಿಲ್ಲಬಾರದೆಂಬುದು ಓದುಗರಿಗೆ ಶಾಲೆಯಿಂದಲೇ ಗೊತ್ತು. ಲೇಖನ ನಿಜಕ್ಕೂ ಶುರುವಾಗುವುದು ಮೂರನೇ ಪುಟದಲ್ಲಿ, ‘ಚೊಚ್ಚಲ ಬಸುರಿಗೇ ಪೆಟ್ಟು ಹೆಚ್ಚೇಕೆ?’ ಎಂದು ನೀವು ಕೇಳುವಲ್ಲಿ. ಪ್ರಶ್ನೆ ಚೆನ್ನಾಗಿದೆ. ಕೊಟ್ಟ ಉತ್ತರ, ‘ಬಸಿರಿನಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ’ ಎಂಬುದು. ಹಾಗಾದರೆ ನಾಲ್ಕನೇ ಬಸಿರಿನಲ್ಲೂ ಅಷ್ಟೇ ಕುಗ್ಗಬೇಕಲ್ಲ?

ನಿಜವಾದ ಉತ್ತರ ಮಾಸಿನಲ್ಲಿ (ಜರಾಯು, ಪ್ಲಾಸೆಂಟಾ) ಇದೆ. ಫಾಲ್ಸಿಪ್ಯಾರಂ ಎಂಬ ಮಲೇರಿಯಾ ರೋಗಾಣು ಕೆಂಪು ರಕ್ತಕಣದೊಳಗೆ ಬೆಳೆಯುತ್ತಾ ಆ ಕಣದ ಹೊರಮೈಗೆ ಒಂದು ಅಂಟು ಪ್ರೋಟೀನನ್ನು ಕಳಿಸುತ್ತದೆ. ರಕ್ತನಾಳದ ಗೋಡೆಗೆ ಕಚ್ಚಿಕೊಂಡು ನಿಂತರೆ ಕೆಟ್ಟ ರಕ್ತಕಣಗಳನ್ನು ಸೋಸುವ ಗುಲ್ಮದ ಜರಡಿಗೆ ಸಿಕ್ಕಿಬೀಳುವ ಭಯವಿಲ್ಲ. ಇಂಥ ಪ್ರೋಟೀನುಗಳ ಸುಮಾರು 60 ಜೀನ್‌ಗಳು ಅದರ ಬಳಿ ಇವೆ. ಒಂದು ಸಲಕ್ಕೆ ಒಂದನ್ನು ಬಳಸುತ್ತದೆ. ಮಲೇರಿಯಾ ಸದಾ ಇರುವ ಆಫ್ರಿಕಾದ ಊರುಗಳಲ್ಲಿ ಹುಡುಗಿ ಬೆಳೆದು ದೊಡ್ಡವಳಾಗುವ ಹೊತ್ತಿಗೆ ಇವುಗಳಲ್ಲಿ ಬಹುಪಾಲಿಗೆ ಪ್ರತಿಕಾಯ ಗಳಿಸಿರುತ್ತಾಳೆ. ಬಸುರಿಯಾದಾಗ ಮಾತ್ರ ಒಳಗೆ ಹೊಸ ಅಂಗವೊಂದು ಬೆಳೆಯುತ್ತದೆ. ಮಾಸಿನ ಒಳಮೈಯಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎ ಎಂಬ ಸಕ್ಕರೆ ಸರಪಣಿಗೆ ಅಂಟುವ ರೋಗಾಣುಗಳಿಗೆ ಅಲ್ಲಿ ನೆಲೆ ಸಿಗುತ್ತದೆ. ಮಿಕಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ ಇದನ್ನು 1996ರಲ್ಲಿ ತೋರಿಸಿದರು. ಹಾಗೆ ಅಂಟುವ ಪ್ರೋಟೀನು ವಾರ್2ಸಿಎಸ್‌ಎ ಎಂದು 2003ರಲ್ಲಿ ಅಲಿ ಸಲಾಂತಿ ಮತ್ತು ಸಂಗಡಿಗರು ಗುರುತಿಸಿದರು. ಚೊಚ್ಚಲ ಬಸುರಿಯ ರಕ್ತಕ್ಕೆ ಈ ಪ್ರೋಟೀನು ಅಪರಿಚಿತ. ಎರಡು ಮೂರು ಹೆತ್ತವಳ ರಕ್ತಕ್ಕೆ ಪರಿಚಿತ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ, ಮತ್ತು ಅದು ಸದಾ ಸೋಂಕಿರುವ ಪ್ರದೇಶಗಳ ಉತ್ತರ. ಮಲೇರಿಯಾ ಅಪರೂಪವಾದ ಕಡೆ ಯಾವ ಬಸಿರಿನಲ್ಲೂ ರಕ್ಷಣೆ ಇರುವುದಿಲ್ಲ. ಚೊಚ್ಚಲಿಗೂ ನಾಲ್ಕನೆಯದಕ್ಕೂ ಅಪಾಯ ಹೆಚ್ಚುಕಡಿಮೆ ಒಂದೇ.

(ಇಲ್ಲೇ ಒಂದು ಮಾತು. ಡಫಿ ಎಂಬ ವಿಜ್ಞಾನಿ ಬೇರೆ, ವೈವಾಕ್ಸ್ ಎಂಬ ಇನ್ನೊಂದು ಮಲೇರಿಯಾ ರೋಗಾಣು ಕೆಂಪುಕಣದೊಳಗೆ ಹೊಗಲು ಬಳಸುವ ಡಫಿ ರಕ್ತಗುಂಪು ಬೇರೆ. ನಿಮ್ಮ ನಾಲ್ಕನೇ ಪುಟದಲ್ಲಿ ಇಬ್ಬರೂ ಒಬ್ಬರೇ ಆಗಿಬಿಟ್ಟಿದ್ದಾರೆ.)

ದೊಡ್ಡ ದೋಷ ಐದನೇ ಪುಟದಲ್ಲಿದೆ. ಹೆರಿಗೆಯ ದಿನ ತೆಗೆದ ರಕ್ತದಲ್ಲಿ ಪ್ರತಿಕಾಯ ಹೆಚ್ಚಿದ್ದ ತಾಯಂದಿರ ಮಾಸಿನಲ್ಲೇ ರೋಗಾಣುವೂ ಹೆಚ್ಚಿತ್ತೆಂದು ಹೇಳಿ, ‘ಆದ್ದರಿಂದ ಈ ಪ್ರತಿಕಾಯಗಳು ಕೆಲಸಕ್ಕೆ ಬಾರವು’ ಎಂದು ತೀರ್ಪು ಬರೆದಿದ್ದೀರಿ. ಹಕ್ಕಿ ಹೆಚ್ಚು ಬರುವ ಹೊಲದಲ್ಲೇ ಬೆರ್ಚಪ್ಪ ಹೆಚ್ಚು ನಿಂತಿರುತ್ತಾನೆ. ಅದನ್ನು ಕಂಡು ಬೆರ್ಚಪ್ಪ ದಂಡ ಎನ್ನುತ್ತೀರಾ? ಸೋಂಕು ತಗುಲಿದ್ದರಿಂದಲೇ ಪ್ರತಿಕಾಯ ಏರಿರುತ್ತದೆ. ರಕ್ತದಲ್ಲಿ ಕಂಡ ಪ್ರತಿಕಾಯ ಬಂದುಹೋದ ರೋಗದ ಗುರುತಾಗಿರಬಹುದು, ಬರಲಿರುವ ರೋಗಕ್ಕೆ ತಡೆಯೂ ಆಗಿರಬಹುದು. ಹೆರಿಗೆಯ ದಿನದ ಒಂದೇ ಮಾದರಿಯಿಂದ ಎರಡನ್ನೂ ಬಿಡಿಸಲು ಬರುವುದಿಲ್ಲ. ಬಸಿರಿನ ಮೊದಲರ್ಧದಲ್ಲಿ ರಕ್ತ ತೆಗೆದಿಟ್ಟು, ಅದೇ ತಾಯಂದಿರನ್ನು ಹೆರಿಗೆಯವರೆಗೆ ಹಿಂಬಾಲಿಸಿದ ಅಧ್ಯಯನ ಬೇಕು.

ಹಿಂಬಾಲಿಸಿದ ಅಧ್ಯಯನದಲ್ಲೂ ಎಚ್ಚರ ತಪ್ಪಬಾರದು. ಮೂರನೇ ಬಸಿರಿನವಳಿಗೆ ಪ್ರತಿಕಾಯ ಹೆಚ್ಚು. ಅವಳ ಮಗುವಿನ ತೂಕವೂ ಹೆಚ್ಚು. ಆದರೆ ಚೊಚ್ಚಲ ಮಗು ಮಲೇರಿಯಾ ಇಲ್ಲದ ಊರಲ್ಲೂ ಸರಾಸರಿಯಲ್ಲಿ ಹಗುರ. ಆದ್ದರಿಂದ ಚೊಚ್ಚಲಿನವರನ್ನು ಚೊಚ್ಚಲಿನವರ ಜೊತೆಗೇ ಹೋಲಿಸಬೇಕು. ತೂಕ 2.5 ಕಿಲೋಗಿಂತ ಕಡಿಮೆ ಎಂದರಷ್ಟೇ ಸಾಲದು, ಎಷ್ಟನೇ ವಾರದ ಹೆರಿಗೆ ಎಂದೂ ಹೇಳಬೇಕು. ಬಸಿರಿನಲ್ಲಿ ರಕ್ತದ ದ್ರವಭಾಗ ಸುಮಾರು 40ರಿಂದ 50 ಶೇಕಡಾ ಹಿಗ್ಗುತ್ತದೆ. ಪ್ರತಿಕಾಯ ಅಷ್ಟೇ ಇದ್ದರೂ ತೆಳ್ಳಗಾಗಿ ಕಾಣುತ್ತದೆ. 16ನೇ ವಾರದ ಅಂಕಿಯನ್ನು 36ನೇ ವಾರದ ಅಂಕಿಯ ಪಕ್ಕ ಇಟ್ಟು ‘ಕುಸಿಯಿತು’ ಎಂದು ನೀವು ಬರೆದದ್ದು ಈ ಕಾರಣಕ್ಕೇ ಅಪಾಯದ ಮಾತು. ಸೊಳ್ಳೆಪರದೆ ಮತ್ತು ಔಷಧಿ ಚೆನ್ನಾಗಿ ತಲುಪಿದ ಊರಿನಲ್ಲೂ ಪ್ರತಿಕಾಯ ಇಳಿಯುತ್ತದೆ. ಅಲ್ಲಿ ಅದು ಒಳ್ಳೆಯ ಸುದ್ದಿ.

ಇನ್ನು ‘ಪ್ರತಿಕಾಯದ ಪ್ರಮಾಣ 1.8’. ಏನು 1.8? ಅದು ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯಲ್ಲಿ ಯಂತ್ರ ಕೊಟ್ಟ ಬಣ್ಣದ ಗಾಢತೆ, ಪ್ರಮಾಣವಲ್ಲ. ಓದುಗರಿಗೆ ವಿಧಾನವನ್ನು ನಾಲ್ಕು ವಾಕ್ಯದಲ್ಲಿ ಹೇಳಿಬಿಡಿ: 96 ಗುಳಿಗಳ ತಟ್ಟೆಗೆ ಪ್ರತಿಜನಕ (ಪ್ರತಿಕಾಯ ಹಿಡಿಯಬೇಕಾದ ರೋಗಾಣುವಿನ ಪ್ರೋಟೀನು) ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಅಂಟಲು ಬಿಡುತ್ತಾರೆ, ಖಾಲಿ ಉಳಿದ ಜಾಗವನ್ನು ಕೆನೆ ತೆಗೆದ ಹಾಲಿನಪುಡಿಯಿಂದಲೋ ಅಲ್ಬುಮಿನ್‌ನಿಂದಲೋ ಮುಚ್ಚುತ್ತಾರೆ. ತಾಯಿಯ ಸೀರಮ್ಮನ್ನು (ರಕ್ತದ ತಿಳಿಯನ್ನು) ನೂರು ಇನ್ನೂರು ಪಟ್ಟು ತೆಳುಮಾಡಿ ಹಾಕಿ, ತೊಳೆದು, ಮಾನವ ಪ್ರತಿಕಾಯವನ್ನು ಹಿಡಿಯುವ, ಕಿಣ್ವ ಕಟ್ಟಿದ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಕೊನೆಗೆ ಬಣ್ಣ ಬರಿಸಿ, ಆಮ್ಲದಿಂದ ನಿಲ್ಲಿಸಿ, 450 ನ್ಯಾನೊಮೀಟರ್‌ನಲ್ಲಿ ಓದುತ್ತಾರೆ. ಕೆಡುವುದೆಲ್ಲಿ ಎಂಬುದನ್ನು ವಿಧಾನಕ್ಕಿಂತ ವಿವರವಾಗಿ ಬರೆಯಿರಿ. ತೊಳೆಯುವುದು ಸಾಲದಿದ್ದರೆ ಎಲ್ಲ ಗುಳಿಯಲ್ಲೂ ಬಣ್ಣ. ಸೀರಮ್ ಗಟ್ಟಿಯಾಗಿದ್ದರೆ ಬಣ್ಣ ತುತ್ತತುದಿ ಮುಟ್ಟಿ, ಪ್ರತಿಕಾಯ ಹತ್ತು ಪಟ್ಟು ಹೆಚ್ಚಿರುವವಳೂ ಎರಡು ಪಟ್ಟು ಹೆಚ್ಚಿರುವವಳೂ ಒಂದೇ ಆಗಿ ಕಾಣುತ್ತಾರೆ. ಇವತ್ತಿನ ತಟ್ಟೆಗೂ ನಾಳಿನ ತಟ್ಟೆಗೂ ವ್ಯತ್ಯಾಸ ಬರುವುದರಿಂದ ಪ್ರತಿ ತಟ್ಟೆಯಲ್ಲೂ ಒಂದೇ ಮಿಶ್ರ ಸೀರಮ್ಮನ್ನು ಅಳತೆಗೋಲಾಗಿ ಇಡಬೇಕು.

‘ಪಾಸಿಟಿವ್’ ಎನ್ನುವ ಗೆರೆ ಎಲ್ಲಿ ಎಳೆದರು ಎಂದೂ ಹೇಳಿ. ಸಾಮಾನ್ಯವಾಗಿ ಮಲೇರಿಯಾ ಕಾಣದವರ ಸೀರಮ್ ಸರಾಸರಿಗೆ ಎರಡು ಅಥವಾ ಮೂರು ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕೂಡಿಸುತ್ತಾರೆ. ವಾರ್2ಸಿಎಸ್‌ಎ ವಿಷಯದಲ್ಲಿ ಇನ್ನೊಂದು ಚೆಂದದ ಹೋಲಿಕೆ ಇದೆ: ಅದೇ ಊರಿನ ಗಂಡಸರು. ಮಲೇರಿಯಾ ಅವರಿಗೂ ಬಂದಿರುತ್ತದೆ, ಮಾಸು ಮಾತ್ರ ಇಲ್ಲ.

ಎಲೈಸಾ ‘ಪ್ರತಿಕಾಯ ಇದೆ’ ಎಂದು ಹೇಳುತ್ತದೆ, ‘ಕೆಲಸ ಮಾಡುತ್ತದೆ’ ಎಂದು ಹೇಳುವುದಿಲ್ಲ. ವಾರ್2ಸಿಎಸ್‌ಎ ಭಾರಿ ಗಾತ್ರದ ಪ್ರೋಟೀನು, ಸುಮಾರು 350 ಕಿಲೋಡಾಲ್ಟನ್. ಪ್ರಯೋಗಾಲಯದಲ್ಲಿ ಇಡಿಯಾಗಿ ತಯಾರಿಸುವುದು ಕಷ್ಟವೆಂದು ತುಂಡುಗಳನ್ನು ಬಳಸುತ್ತಾರೆ. ತುಂಡನ್ನು ಹಿಡಿದ ಪ್ರತಿಕಾಯ ಜೀವಂತ ರೋಗಾಣು ಹೊತ್ತ ಕಣವನ್ನೂ ಹಿಡಿದೀತೆಂಬ ಖಾತ್ರಿಯಿಲ್ಲ. ಅದಕ್ಕಾಗಿ ಬೇರೆ ಪರೀಕ್ಷೆಗಳಿವೆ: ಕಣ ಮಾಸಿಗೆ ಅಂಟುವುದನ್ನು ಸೀರಮ್ ತಡೆಯುತ್ತದೆಯೇ, ಭಕ್ಷಕ ಕಣಗಳು ಅದನ್ನು ನುಂಗುವಂತೆ ಮಾಡುತ್ತದೆಯೇ ಎಂದು ನೋಡುವುದು. ಹಲವು ಸಲ ಹೆತ್ತವರ ಪ್ರತಿಕಾಯ ಆಫ್ರಿಕಾ, ಏಷ್ಯಾ ಎರಡೂ ಕಡೆಯ ರೋಗಾಣು ಅಂಟದಂತೆ ತಡೆಯಿತೆಂದು 1998ರಲ್ಲಿ ತಿಳಿದಾಗಲೇ ಲಸಿಕೆಯ ಆಸೆ ಚಿಗುರಿದ್ದು. ಪ್ಯಾಮ್‌ವ್ಯಾಕ್, ಪ್ರೈಮ್‌ವ್ಯಾಕ್ ಎಂಬ ಎರಡು ಲಸಿಕೆಗಳು ಮೊದಲ ಹಂತದ ಪ್ರಯೋಗಕ್ಕೆ ಹೋದವು. ಲಸಿಕೆಗೆ ಆರಿಸಿದ ತಳಿಯ ಮೇಲೆ ಪ್ರತಿಕಾಯ ಚೆನ್ನಾಗಿ ಹುಟ್ಟಿತು, ಬೇರೆ ತಳಿಗಳ ಮೇಲೆ ಅಷ್ಟಾಗಿ ಅಲ್ಲ. ನೀವು ‘ಲಸಿಕೆ ಸಿದ್ಧ’ ಎಂದು ಬರೆದಿದ್ದೀರಿ. ಸಿದ್ಧವಿಲ್ಲ.

ಮುಂದಿನವು ಅಪಾಯಕಾರಿ ತಪ್ಪುಗಳು. ತಿದ್ದದಿದ್ದರೆ ಲೇಖನವನ್ನು ಮತ್ತೆ ಓದುವುದೂ ಇಲ್ಲ.

ಕ್ಷಿಪ್ರ ಪರೀಕ್ಷೆಯ ಪಟ್ಟಿ ಪ್ರತಿಕಾಯ ನೋಡುತ್ತದೆ ಎಂದಿದ್ದೀರಿ. ಅದು ನೋಡುವುದು ರೋಗಾಣುವಿನ ಪ್ರೋಟೀನನ್ನು. ಪ್ರತಿಕಾಯ ಪರೀಕ್ಷೆಯಿಂದ ಇವತ್ತಿನ ಜ್ವರ ಮಲೇರಿಯಾವೋ ಅಲ್ಲವೋ ಎಂದು ತಿಳಿಯದು. ರಕ್ತಲೇಪನದಲ್ಲಿ (ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದಲ್ಲಿ) ಏನೂ ಕಾಣದಿದ್ದರೂ ಮಾಸಿನಲ್ಲಿ ರೋಗಾಣು ತುಂಬಿರಬಹುದು, ಏಕೆಂದರೆ ಅವು ಅಲ್ಲೇ ಅಂಟಿ ಕೂತಿರುತ್ತವೆ. ಈ ಮಾತು ಲೇಖನದಲ್ಲಿ ಎಲ್ಲೂ ಇಲ್ಲ, ಇರಲೇಬೇಕು.

ಬಸುರಿಯರು ತಿಂಗಳಿಗೊಮ್ಮೆ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಎಂಬ ಮಲೇರಿಯಾ ಔಷಧಿಯ ಮೂರು ಮಾತ್ರೆ ನುಂಗಲಿ ಎಂಬ ನಿಮ್ಮ ಸಲಹೆ ಆಫ್ರಿಕಾದ ಕಾರ್ಯಕ್ರಮದ್ದು. ಅಲ್ಲೂ ಅದು ಎರಡನೇ ತ್ರೈಮಾಸಿಕದಿಂದ, ಕನಿಷ್ಠ ತಿಂಗಳ ಅಂತರದಲ್ಲಿ, ಆರೋಗ್ಯ ಕಾರ್ಯಕರ್ತರ ಕಣ್ಣೆದುರು ಕೊಡುವ ಔಷಧಿ. ಜೊತೆಗೆ 5 ಮಿಲಿಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡರೆ ಅದರ ಬಲ ಕುಂದುತ್ತದೆ, 0.4 ಮಿಲಿಗ್ರಾಂ ಆದರೆ ತೊಂದರೆಯಿಲ್ಲ. ಭಾರತದಲ್ಲಿ ಆ ಪದ್ಧತಿಯೇ ಇಲ್ಲ. ಕನ್ನಡ ಓದುವ ಬಸುರಿ ಇದನ್ನು ನೋಡಿ ಅಂಗಡಿಯಿಂದ ಮಾತ್ರೆ ತಂದರೆ ಹೊಣೆ ಯಾರು?

ಮಂಗಳೂರನ್ನು ತಂದದ್ದು ಸರಿ, ತಂದ ರೀತಿ ತಪ್ಪು. ಅಲ್ಲಿ ಬಹುಪಾಲು ವೈವಾಕ್ಸ್. ವೈವಾಕ್ಸ್‌ಗೆ ವಾರ್2ಸಿಎಸ್‌ಎ ಇಲ್ಲ. ಮಾಸಿನಲ್ಲಿ ಫಾಲ್ಸಿಪ್ಯಾರಂನಂತೆ ದಟ್ಟವಾಗಿ ಗೂಡುಕಟ್ಟುವುದೂ ಇಲ್ಲ. ಆದರೂ ರಕ್ತಹೀನತೆ ತರುತ್ತದೆ, ಮಗುವಿನ ತೂಕ ಇಳಿಸುತ್ತದೆ. ಯಕೃತ್ತಿನಲ್ಲಿ ಅಡಗಿದ್ದು ಮರುಕಳಿಸುತ್ತದೆ. ಅದನ್ನು ಕೀಳುವ ಪ್ರೈಮಾಕ್ವಿನ್ ಬಸುರಿಗೆ ಕೊಡುವಂತಿಲ್ಲ. ಇದಕ್ಕೇ ಒಂದು ಪ್ಯಾರಾ ಮೀಸಲಿಡಿ. ನಿಮ್ಮ ಓದುಗರಿಗೆ ಹತ್ತಿರದ ವಿಷಯ ಇದು.

‘ತಾಯಿಯ ಪ್ರತಿಕಾಯ ಮಗುವನ್ನು ಒಂದು ವರ್ಷ ಕಾಯುತ್ತದೆ’ ಎಂಬ ವಾಕ್ಯ ಹೊಡೆದುಹಾಕಿ. ಮಾಸು ದಾಟುವುದು ಐಜಿಜಿ ಎಂಬ ಬಗೆಯ ಪ್ರತಿಕಾಯ ಮಾತ್ರ, ಐಜಿಎಂ ಬಗೆಯದು ಅಲ್ಲ. ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ ದಾಟುತ್ತದೆ. ಸುಮಾರು ಮೂರು ವಾರಕ್ಕೆ ಅರ್ಧ ಕರಗುತ್ತದೆ. ಕೆಲವೇ ತಿಂಗಳಲ್ಲಿ ಉಳಿಯುವುದು ಅಲ್ಪ.

ಭಾಷೆಯ ಬಗ್ಗೆ ಎರಡೇ ಮಾತು. ‘ಪ್ರಥಮ ಗರ್ಭವತಿ’ ಬೇಡ, ‘ಚೊಚ್ಚಲ ಬಸುರಿ’ ಇದೆ. ‘ಜರಾಯು’ವನ್ನು ಒಮ್ಮೆ ಹೇಳಿ, ಮುಂದೆ ‘ಮಾಸು’ ಎನ್ನಿ. ‘ಕಾವಲುಗಾರರು’, ‘ಯೋಧರು’, ‘ಸೇನೆ’ ಹನ್ನೊಂದು ಕಡೆ ಬಂದಿವೆ; ಎಲ್ಲವನ್ನೂ ತೆಗೆಯಿರಿ, ಶೀರ್ಷಿಕೆಯಿಂದಲೂ.

ತಿದ್ದಿದ ಪ್ರತಿ 1500 ಪದ ಮೀರದಿರಲಿ. ಸೊಳ್ಳೆಯ ಚಿತ್ರ ಕಳಿಸಬೇಡಿ. ಮಾಸಿನ ಅಡ್ಡಕೊಯ್ತದ ರೇಖಾಚಿತ್ರ ಒಂದು ಸಾಕು, ತಾಯಿಯ ರಕ್ತ ಯಾವ ಬದಿ, ಮಗುವಿನದು ಯಾವ ಬದಿ ಎಂದು ಗುರುತಿಸಿ.

ಸಂಪಾದಕ ಬಳಗ