ಮಗ್ಗ ಒಂದು, ನೇಯುವವರು ಆರು

ಪ್ರಶ್ನೆ: ಜವಳಿ ವಿನ್ಯಾಸದ ಪದವಿ ಮುಗಿಸಿದ ನಾವು ಆರು ಜನ, ಓದಿದ ವಿಭಾಗದ ವಿದ್ಯಾರ್ಥಿಗಳ ಜತೆ ಸೇರಿ ಬಳಗ ಕಟ್ಟಿಕೊಂಡಿದ್ದೇವೆ. ಬೇಸಿಗೆ ರಜೆಯಲ್ಲಿ ವಿಭಾಗದ ಒಂದು ಕೈಮಗ್ಗ ನಮಗೆ ಸಿಗಲಿದೆ. ಆರೂ ಜನ ಒಂದೇ ಹಾಸಿನ (ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳ) ಮೇಲೆ ನೇಯಬಹುದೇ? ನೂಲೆಷ್ಟು ಬೇಕು?

ಉತ್ತರ: ಖಂಡಿತ ನೇಯಬಹುದು. ಮಗ್ಗ ಸಿಗುವುದೇ ಕಷ್ಟವಾಗಿರುವ ಪದವೀಧರರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತಲಾ ಒಂದೂವರೆ ಮೀಟರ್ ಬಟ್ಟೆ, 60 ಸೆಂ.ಮೀ. ಅಗಲ, 2/20 ಹತ್ತಿ ನೂಲು (20ನೇ ನಂಬರಿನ ಎರಡು ಎಳೆ ಹೊಸೆದದ್ದು) ಎಂದಿಟ್ಟುಕೊಳ್ಳಿ. ಸಾದಾ ನೇಯ್ಗೆಗೆ ಸೆಂ.ಮೀ.ಗೆ 10 ಎಳೆ, ಅಂದರೆ ಒಟ್ಟು 600. ಬಟ್ಟೆ 9 ಮೀಟರ್. ನೇಯುವಾಗ ಹಾಸು ಕುಗ್ಗುವುದಕ್ಕೆ ಶೇ 10, ಮಗ್ಗದಲ್ಲಿ ನೇಯಲಾಗದೆ ಉಳಿಯುವ ತುದಿಗಳಿಗೆ 80 ಸೆಂ.ಮೀ. ಸೇರಿಸಿದರೆ 10.7 ಆಗುತ್ತದೆ. 11 ಮೀಟರ್ ಹಾಸು ಸುತ್ತಿ. 6,600 ಮೀಟರ್ ನೂಲು ಹಿಡಿಯುತ್ತದೆ. ಈ ನೂಲು ಕೆಜಿಗೆ ಸುಮಾರು 16,900 ಮೀಟರ್ ಬರುವುದರಿಂದ ತೂಕ 390 ಗ್ರಾಂ. ಎಳೆ ಹರಿಯುವುದಕ್ಕೂ ಸೇರಿಸಿ 450 ಗ್ರಾಂ ತನ್ನಿ. ಅಡ್ಡಕ್ಕೆ ನೇಯುವ ಹೊಕ್ಕಿನ ನೂಲು ಅವರವರದೇ.

ಬೇರೆ ಬೇರೆ ಹಾಸು ಹೂಡಿದರೆ ಆ 80 ಸೆಂ.ಮೀ. ಆರು ಸಲ ಪೋಲಾಗುತ್ತದೆ. ನೂಲಿಗಿಂತ ದೊಡ್ಡ ನಷ್ಟ ದುಡಿಮೆಯದು: 600 ಎಳೆಯನ್ನು, ಎಳೆ ಎತ್ತಿ ಇಳಿಸುವ ಹೀಲ್ಡ್ ಕಣ್ಣಿಗೂ ಹೊಕ್ಕನ್ನು ಬಡಿಯುವ ಹಣಿಗೆಗೂ ಆರು ಸಲ ಪೋಣಿಸಬೇಕು.

ಕೆಡುವುದು ಹೆಚ್ಚಾಗಿ ಅಂಚಿನಲ್ಲಿ. ಒಬ್ಬರು ಹೊಕ್ಕನ್ನು ಬಿಗಿಯಾಗಿ ಎಳೆದು ನೇಯ್ದರೆ ಬಟ್ಟೆಯ ಅಗಲ ಒಳಕ್ಕೆ ಸರಿಯುತ್ತದೆ, ಅಂಚಿನ ಎಳೆಗಳು ಹಣಿಗೆಗೆ ಓರೆಯಾಗಿ ಉಜ್ಜುತ್ತವೆ. ಮೊದಲು ಅವು ನವಿರೆದ್ದು ಮಂಕಾಗುತ್ತವೆ, ಆಮೇಲೆ ಒಂದೊಂದೇ ತುಂಡಾಗುತ್ತವೆ. ಅಷ್ಟರಲ್ಲಿ ಮಗ್ಗದ ಮೇಲೆ ಕೂತಿರುವವರು ಮುಂದಿನವರು! ಆದ್ದರಿಂದ ಅಗಲ ಹಿಡಿಯುವ ಟೆಂಪಲ್ ಕೋಲು ಎಲ್ಲರಿಗೂ ಕಡ್ಡಾಯ ಮಾಡಿ. ಲಾಳಿ ದಾಟಿಸಿದ ಮೇಲೆ ಹೊಕ್ಕನ್ನು ತುಸು ಓರೆಯಾಗಿ ಬಿಟ್ಟು ಬಡಿಯಿರಿ. ದಪ್ಪ ಉಣ್ಣೆ ಹಾಕುವವರು ಕೊನೆಗೆ ಕೂರಲಿ, ಇಲ್ಲವಾದರೆ ನೇಯ್ದ ಬಟ್ಟೆಯ ಸುರುಳಿ ಉಬ್ಬಿ ಉಳಿದವರ ಬಿಗಿ ಏರುಪೇರಾಗುತ್ತದೆ. ಇಬ್ಬರ ನೇಯ್ಗೆಯ ನಡುವೆ 5 ಸೆಂ.ಮೀ. ಬೇಡದ ನೂಲು ನೇಯಿರಿ, ಎಲ್ಲರದೂ ಮುಗಿದ ಮೇಲೆ ಅಲ್ಲಿ ಕತ್ತರಿಸಬಹುದು. ಆದರೆ ನಡುವೆ ಯಾರೂ ಬಟ್ಟೆ ಬಿಡಿಸಿಕೊಳ್ಳಬಾರದು. ಬಿಡಿಸಿದರೆ ಮತ್ತೆ ಕಟ್ಟಬೇಕು, ಹಾಸು ಕಡಿಮೆ ಬೀಳುತ್ತದೆ. ಇದಕ್ಕೆ ಎಲ್ಲರೂ ಮೊದಲೇ ಒಪ್ಪಿರಬೇಕು.

ಪ್ರಶ್ನೆ: ವಿಭಾಗದ ಜತೆ ಬರಹದ ಒಪ್ಪಂದ ಬೇಕೇ?

ಉತ್ತರ: ಒಂದು ಪುಟ ಸಾಕು. ಬೀಗದ ಕೈ ಯಾರ ಹತ್ತಿರ, ಯಾವ ಹೊತ್ತು, ಹಣಿಗೆ ಬಾಗಿದರೆ ಅಥವಾ ಹೀಲ್ಡ್ ತುಂಡಾದರೆ ಖರ್ಚು ಯಾರದು ಎಂಬುದನ್ನು ಬರೆಯಿರಿ. ಮಗ್ಗದ ಕೆಲಸಕ್ಕೆ ಕಿರಿಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ ಅವರ ಹೆಸರು ಪ್ರದರ್ಶನದ ಫಲಕದಲ್ಲೂ ಇರಲಿ.

ಪ್ರಶ್ನೆ: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಂದು ಹತ್ತಿ ತಳಿ ಡಿಡಿಸಿಸಿ-1ರ ನೂಲು ತಂದಿದ್ದೇವೆ. ಒಂದು ಲಡಿ (ನೂಲಿನ ಕಟ್ಟು) ತೊಳೆದಾಗ ಬಣ್ಣ ಗಾಢವಾಯಿತು. ನೂಲು ಕೆಟ್ಟಿದೆಯೇ?

ಉತ್ತರ: ಇಲ್ಲ. ಸಹಜ ಕಂದು ಹತ್ತಿ ಸೋಡಾ ನೀರಿನಲ್ಲಿ ಕುದಿದಾಗ ಗಾಢವಾಗುತ್ತದೆ. ಅದು ಅದರ ಗುಣ, ಚೆಲುವೂ ಹೌದು. ಹಾಸಿನ ಎಳೆಗಳಿಗೆ ಬಳಸುವುದಾದರೆ ಎಲ್ಲ ಲಡಿಗಳನ್ನೂ ಒಂದೇ ಪಾತ್ರೆಯಲ್ಲಿ, ಲೀಟರ್ ನೀರಿಗೆ 2 ಗ್ರಾಂ ವಾಷಿಂಗ್ ಸೋಡಾ ಹಾಕಿ, ಒಂದು ಗಂಟೆ ಕುದಿಸಿ. ಬೇರೆ ಬೇರೆ ಪಾತ್ರೆಯ ಲಡಿಗಳು ಬೆರೆತರೆ ಬಟ್ಟೆಯ ಉದ್ದಕ್ಕೂ ಗೆರೆ ಏಳುತ್ತದೆ. ಈಗಾಗಲೇ ತೊಳೆದ ಲಡಿಯನ್ನು ಹೊಕ್ಕಿಗೆ ಎತ್ತಿಡಿ.