ಚೆಂಡು ತಡೆದವರು ಯಾರು?

ಹುಬ್ಬಳ್ಳಿಯಿಂದ ಬಂದ ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ಮೂರೂವರೆ ಪುಟ ಒಬ್ಬನ ಮೇಲಿನ ಸಿಟ್ಟು. ಬರೆದವರು ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಆಡಿಸಿ ಪಾಸ್ ಹಂಚುವವರು. ಸಿಟ್ಟು ಯಾರ ಮೇಲೆಂದರೆ, ರಾಜ್ಯ ತಂಡಕ್ಕೆ ಆಡಿ ಬಂದ ಸಹ ಆಟಗಾರನ ಮೇಲೆ. ಅವನು ಪ್ರಾಕ್ಟೀಸಿಗೆ ಮನಸ್ಸು ಬಂದಾಗ ಬರುತ್ತಾನೆ, ಎಲ್ಲರೆದುರು ಬೈಯುತ್ತಾನೆ, ಕೊನೇ ಗಳಿಗೆಯಲ್ಲಿ ಎಲ್ಲೆಲ್ಲಿಂದಲೋ ಶಾಟ್ ಹೊಡೆದು ಕೆಡಿಸುತ್ತಾನೆ. ಕೇಳಿದರೆ ಅಮೆರಿಕದ ಬಾಸ್ಕೆಟ್‌ಬಾಲ್ ದಿಗ್ಗಜನನ್ನು ಎಳೆದು ತಂದು ‘ಜೋರ್ಡನ್ ಕೂಡ ಹೀಗೇ ಇದ್ದ’ ಅನ್ನುತ್ತಾನೆ. ದೈಹಿಕ ಶಿಕ್ಷಣ ನಿರ್ದೇಶಕ ಪಿ.ಡಿ. ಸರ್ ಕಂಡೂ ಕಾಣದಂತಿದ್ದಾರೆ. ಅಂತರ ಕಾಲೇಜು ಪಂದ್ಯಾವಳಿಗೆ ಮೂರು ವಾರ ಉಳಿದಿದೆ. ‘ತಂಡ ಬಿಡಲೇ?’ ಎಂದು ಕೇಳಿದ್ದೀರಿ.

ಬಿಡಬೇಡಿ. ಅದು ಹಾಗಿರಲಿ, ಮೂರನೇ ಪುಟದ ಕೆಳಗೆ ಆವರಣದೊಳಗೆ ಒಂದು ಸಾಲು ಸೇರಿಸಿ ಮುಂದೆ ಹೋಗಿದ್ದೀರಲ್ಲ, ನನಗೆ ಬೇಕಾಗಿರುವುದು ಅದು: ‘ಈಚೆಗೆ ನಾವೂ ಅವನಿಗೆ ಪಾಸ್ ಕಮ್ಮಿ ಮಾಡಿದ್ದೇವೆ, ಅವನಿಲ್ಲದ ಬೇರೆ ವಾಟ್ಸಾಪ್ ಗ್ರೂಪೂ ಇದೆ.’

ಪತ್ರದ ವಿಷಯವೇ ಅದು ಕಣ್ರೀ. ಚೆಂಡು ಕೈಗೆ ಬಂದ ಮೇಲೆ ಶಾಟ್ ಹೊಡೆಯಲು ಒಂದು ತಂಡಕ್ಕೆ ಇರುವುದು 24 ಸೆಕೆಂಡು. ನೀವು ಚೆಂಡನ್ನು ಆ ಕಡೆ, ಈ ಕಡೆ, ಮತ್ತೆ ಆ ಕಡೆ ಆಡಿಸಿ, ಬೇರೆ ದಾರಿಯೇ ಉಳಿಯದಿದ್ದಾಗ ಅವನ ಕೈಗೆ ಕೊಡುತ್ತೀರಿ. ಆಗ ಗಡಿಯಾರದಲ್ಲಿ ಐದಾರು ಸೆಕೆಂಡು ಇರುತ್ತದೆ, ಅವನು ರಿಂಗಿನಿಂದ ಒಂಬತ್ತು ಮೀಟರ್ ದೂರದಲ್ಲಿರುತ್ತಾನೆ, ಮೈಮೇಲೆ ಇಬ್ಬರು ಬಿದ್ದಿರುತ್ತಾರೆ. ಅಲ್ಲಿಂದ ಹೊಡೆಯದೆ ಇನ್ನೇನು ಮಾಡಬೇಕು? ಆಮೇಲೆ ನಿಮ್ಮ ಗ್ರೂಪಿನಲ್ಲಿ ‘ನೋಡಿದ್ರಾ, ಪಾಸೇ ಕೊಡಲ್ಲ’ ಎಂಬ ಮಾತು. ನಿಮ್ಮ ದೂರಿಗೆ ಬೇಕಾದ ಸಾಕ್ಷಿಯನ್ನು ನೀವೇ ತಯಾರಿಸುತ್ತಿದ್ದೀರಿ.

ಈ ಆಟಕ್ಕೆ ಇದೇನೂ ಹೊಸ ರೋಗವಲ್ಲ. 1985ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದ, ಅಮೆರಿಕದ ಎನ್‌ಬಿಎ ಲೀಗ್‌ನ ಬೇರೆ ಬೇರೆ ತಂಡಗಳ ಆಯ್ದ ತಾರೆಯರು ಒಟ್ಟಿಗೆ ಆಡುವ ಆಲ್-ಸ್ಟಾರ್ ಪಂದ್ಯದಲ್ಲಿ ಹೊಸಬನಾದ ಮೈಕೆಲ್ ಜೋರ್ಡನ್‌ಗೆ ಸಿಕ್ಕಿದ್ದು ಬರೀ ಒಂಬತ್ತು ಶಾಟ್, ಬಂದಿದ್ದು ಏಳು ಪಾಯಿಂಟ್. ಹಿರಿಯರು ಬೇಕೆಂದೇ ಚೆಂಡು ಕೊಡಲಿಲ್ಲ ಎಂಬ ಮಾತು ಹಬ್ಬಿತು. ಎಲ್ಲರೂ ಬೊಟ್ಟು ಮಾಡಿದ್ದು ಡೆಟ್ರಾಯಿಟ್‌ನ ಐಸಯಾ ಥಾಮಸ್ ಕಡೆಗೆ, ಅವರು ಅದನ್ನು ಅಲ್ಲಗಳೆದರು. ನಿಜ ಏನೇ ಇರಲಿ, ಎರಡು ದಿನ ಬಿಟ್ಟು ಅದೇ ಡೆಟ್ರಾಯಿಟ್ ಎದುರು ಜೋರ್ಡನ್ 49 ಹೊಡೆದ. ಆ ಸೇಡು ಬೇರೆ ತಂಡದ ಮೇಲೆ ತೀರಿತು. ನಿಮ್ಮವನ ಸೇಡು ನಿಮ್ಮ ಮೇಲೇ ತೀರುತ್ತಿದೆ.

ಇನ್ನು ಅವನ ‘ಜೋರ್ಡನ್ ಕೂಡ’ ಎಂಬ ನೆಪಕ್ಕೆ ಬರೋಣ. ಜೋರ್ಡನ್ ಒರಟ, ಒಪ್ಪಿದೆ. 1995ರ ತರಬೇತಿ ಶಿಬಿರದಲ್ಲಿ ತನ್ನದೇ ತಂಡದ ಸ್ಟೀವ್ ಕೆರ್ ಮುಖಕ್ಕೆ ಗುದ್ದಿ ಕಣ್ಣು ಕಪ್ಪಾಗಿಸಿದ. ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದ್ದೂ ಅವನೇ. ಆ ಭಾಗವನ್ನು ನಿಮ್ಮ ಹೀರೋ ಓದಿದಂತಿಲ್ಲ. 1986–87ರಲ್ಲಿ ಜೋರ್ಡನ್ ಪಂದ್ಯಕ್ಕೆ ಸರಾಸರಿ 37.1 ಪಾಯಿಂಟ್ ಹೊಡೆದರೂ ಅವನ ತಂಡ ಚಿಕಾಗೊ ಬುಲ್ಸ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಬೋಸ್ಟನ್‌ಗೆ 3–0ಯಿಂದ ಸೋತು ಮನೆಗೆ ಹೋಯಿತು. ಮೊದಲ ಪ್ರಶಸ್ತಿ ಬಂದಿದ್ದು 1991ರಲ್ಲಿ. ಫೈನಲ್‌ನ ಐದನೇ ಪಂದ್ಯದಲ್ಲಿ ಎದುರಾಳಿಗಳು ಜೋರ್ಡನ್ ಮೇಲೆ ಮುಗಿಬಿದ್ದಿದ್ದಾಗ, ಖಾಲಿ ಇರುವವರು ಯಾರು ಎಂದು ಕೋಚ್ ಫಿಲ್ ಜಾಕ್ಸನ್ ಕೇಳಿದರು. ಸಹ ಆಟಗಾರ ಜಾನ್ ಪ್ಯಾಕ್ಸನ್ ಎಂದಾಯಿತು, ಚೆಂಡು ಪ್ಯಾಕ್ಸನ್ ಕೈಗೆ ಹೋಯಿತು, ಆ ರಾತ್ರಿ ಅವನು ಒಟ್ಟು 20 ಪಾಯಿಂಟ್ ಹೊಡೆದ. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಅಂಕ 86–86 ಆಗಿದ್ದಾಗ ಜೋರ್ಡನ್ ಪಾಸ್ ಕೊಟ್ಟಿದ್ದು ಗುದ್ದು ತಿಂದ ಅದೇ ಕೆರ್‌ಗೆ. ಅದಕ್ಕೂ ಮುಂಚೆ ಟೈಮ್‌ಔಟ್‌ನಲ್ಲೇ ಇಬ್ಬರ ಮಾತು ಆಗಿತ್ತು: ಎದುರಾಳಿ ತಂಡದ ಸ್ಟಾಕ್‌ಟನ್ ನಿನ್ನನ್ನು ಬಿಟ್ಟು ನನ್ನ ಕಡೆ ಬರುತ್ತಾನೆ, ಸಿದ್ಧವಾಗಿರು ಎಂದು ಜೋರ್ಡನ್; ನಾನು ಸಿದ್ಧ ಎಂದು ಕೆರ್. ಸ್ನೇಹ ಇತ್ತೋ ಇಲ್ಲವೋ, ಯಾರು ಎಲ್ಲಿ ನಿಂತಿರುತ್ತಾರೆ ಎಂಬುದು ಗೊತ್ತಿತ್ತು.

ನಿಮ್ಮ ತಂಡದಲ್ಲಿ ಅದು ಗೊತ್ತಿಲ್ಲದಿರಲು ಕಾರಣ ನೀವೂ ಅಲ್ಲ, ಅವನೂ ಅಲ್ಲ. ನಿಮ್ಮ ಪಿ.ಡಿ. ಸರ್. ಅಧಿಕಾರ ಇದ್ದವರು ಬಾಯಿ ಮುಚ್ಚಿಕೊಂಡರೆ ಜಗಳ ಹುಡುಗರ ತಲೆಗೆ ಕಟ್ಟುತ್ತದೆ ಎಂಬುದು ಈ ಅಂಕಣದ ಹಳೇ ಜಪ. ತಡವಾಗಿ ಬಂದವನನ್ನು ಬೆಂಚಿನಲ್ಲಿ ಕೂರಿಸಲು ಧೈರ್ಯವಿಲ್ಲ. ಪ್ರಾಕ್ಟೀಸ್ ಪಂದ್ಯದಲ್ಲಿ ಅವನನ್ನು ಯಾವಾಗಲೂ ಮೊದಲ ಐವರ ಜೊತೆಗೇ ಆಡಿಸುತ್ತಾರೆ ಅಂತಲೂ ಬರೆದಿದ್ದೀರಿ. ವಾರಕ್ಕೊಮ್ಮೆಯಾದರೂ ಮೀಸಲು ಹುಡುಗರ ಜೊತೆ ಹಾಕಿದರೆ ಸೋಲಿನ ರುಚಿ ಗೊತ್ತಾಗುತ್ತದೆ, ಮೀಸಲಿನವರ ಕೈಯೂ ಪಳಗುತ್ತದೆ. ಅಷ್ಟು ಮಾಡಲು ದುಡ್ಡು ಬೇಡ, ಅನುಮತಿ ಬೇಡ.

ಅವರನ್ನು ತಿದ್ದುವುದು ನಿಮ್ಮ ಕೆಲಸವಲ್ಲ. ನಿಮಗೆ ಹೇಳುವುದು ಒಂದೇ: ನಾಳೆಯೇ ಅವನನ್ನು ಒಬ್ಬನೇ ಇರುವಾಗ ಹಿಡಿದು, ‘ನಿನಗೆ ಚೆಂಡು ಎಲ್ಲಿ ಬೇಕು, ಡಬಲ್ ಬಂದಾಗ, ಅಂದರೆ ಇಬ್ಬರು ನಿನ್ನ ಮೇಲೆ ಬಿದ್ದಾಗ, ನಾನು ಎಲ್ಲಿರಬೇಕು?’ ಎಂದು ಕೇಳಿ. ನಡತೆ, ಗೌರವ, ಹಳೇ ಬೈಗುಳ ಯಾವುದನ್ನೂ ಆ ಹೊತ್ತು ಎತ್ತಬೇಡಿ. ಇಂಥವರು ಬೇರೆ ಮಾತಿಗೆ ಕಿವುಡರಾದರೂ ಆಟದ ಮಾತಿಗೆ ಕಿವಿ ಕೊಡುತ್ತಾರೆ.

ಉತ್ತರ ಸಾಮಾನ್ಯವಾಗಿ ಫ್ರೀ ಥ್ರೋ ಗೆರೆಯ ಒಂದು ತುದಿ ಎಂದೇ ಇರುತ್ತದೆ. ಗಡಿಯಾರದಲ್ಲಿ 16 ಸೆಕೆಂಡು ಇರುವಾಗಲೇ ಅಲ್ಲಿಗೆ ಚೆಂಡು ಮುಟ್ಟಿಸಿ. ಪಾಸ್ ಕೊಟ್ಟು ಅಲ್ಲೇ ನಿಂತು ನೋಡಬೇಡಿ; ನಿಮ್ಮ ಕಾವಲಿನವನೇ ಅವನ ಮೇಲೆ ಎರಡನೆಯವನಾಗಿ ಬೀಳುವುದು ಆಗಲೇ. ಆ ಕಾವಲಿನವನು ನಿಮ್ಮತ್ತ ಬೆನ್ನು ಹಾಕಿದ ಕೂಡಲೇ ಜಾಗ ಬದಲಿಸಿ. ಹೆಚ್ಚಿನ ತಂಡಗಳಲ್ಲಿ ತಪ್ಪುವುದು ಇಲ್ಲಿ: ಖಾಲಿ ಇದ್ದೇನೆಂದುಕೊಂಡವನು ಡಿಫೆಂಡರ್ ನೆರಳಲ್ಲಿ ನಿಂತಿರುತ್ತಾನೆ, ಪಾಸ್ ಕೊಡುವವನ ಕಣ್ಣಿಗೇ ಬೀಳುವುದಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು. ಕೈ ಎದೆಯ ಮಟ್ಟಕ್ಕಿರಲಿ, ಮಂಡಿ ಮೊದಲೇ ಬಾಗಿರಲಿ. ಚೆಂಡು ಸಿಕ್ಕ ಮೇಲೆ ಬಾಗಿದರೆ ಶಾಟ್ ಮುಚ್ಚಿಹೋಯಿತು. ಮೂಲೆಯಲ್ಲಿ ನಿಲ್ಲುವವನಿಗೆ ಇನ್ನೊಂದು ಮಾತು: ಅಲ್ಲಿ ಮೂರು ಪಾಯಿಂಟ್ ಗೆರೆಗೂ ಪಕ್ಕದ ಗೆರೆಗೂ ನಡುವೆ ಇರುವುದು 90 ಸೆಂಟಿಮೀಟರ್. ಚೆಂಡು ಹಿಡಿಯುತ್ತಾ ಹಿಂದಕ್ಕೆ ಸರಿದರೆ ಹಿಮ್ಮಡಿ ಗೆರೆ ಮುಟ್ಟಿತು, ಚೆಂಡು ಎದುರಾಳಿಗೆ ಹೋಯಿತು. ನಿಮ್ಮ ಹೀರೋ ನಿಮ್ಮನ್ನು ಎಲ್ಲರೆದುರು ಬೈದಾಗಲೂ ಚೆಂಡು ಹೀಗೇ ಹೋಗಿತ್ತು ಅಂತ ನೀವೇ ಬರೆದಿದ್ದೀರಿ. ಬೈದ ರೀತಿ ತಪ್ಪು, ಬೈದದ್ದು ತಪ್ಪಲ್ಲ.

ಇದನ್ನು ದಿನಾ ಹತ್ತು ನಿಮಿಷ, ಅವನ ಮೇಲೆ ಇಬ್ಬರನ್ನು ಬಿಟ್ಟು ಆಡಿ. ಎರಡು ಮೂಲೆ, ಎರಡು ಪಕ್ಕ, ಒಂದು ನಡು. ಒಂದೊಂದು ಜಾಗದಿಂದ ಐದೈದು ಶಾಟ್. ಎಷ್ಟು ಬಿತ್ತು ಎಂದು ಅವನ ಕೈಯಲ್ಲೇ ಬರೆಸಿ. ತನ್ನ ಪಾಸ್‌ನಿಂದ ಎಷ್ಟು ಬುಟ್ಟಿ ಸೇರಿತು ಎಂಬ ಲೆಕ್ಕ ಅವನ ಕಣ್ಣೆದುರು ಇರಲಿ. ತಡವಾಗಿ ಬಂದರೆ ಕಾಯಬೇಡಿ, ಅವನ ಜಾಗದಲ್ಲಿ ಮೀಸಲು ಹುಡುಗನನ್ನು ನಿಲ್ಲಿಸಿ ಶುರು ಮಾಡಿ.

ಅವನಿಲ್ಲದ ಆ ವಾಟ್ಸಾಪ್ ಗ್ರೂಪನ್ನು ಮಾತ್ರ ಅವನ ಹತ್ತಿರ ಹೋಗುವ ಮುಂಚೆಯೇ ಮುಚ್ಚಿ. ಇವತ್ತು ರಾತ್ರಿಯೇ ಆಗಲಿ.