ಹಳೆಯ ಜಪಾನೀ ಮ್ಯಾಂಡೊಲಿನ್‌ನ ಗುಣಮಟ್ಟ ಮತ್ತು ಬೆಲೆಯನ್ನು ಅಂದಾಜು ಮಾಡುವುದು ಹೇಗೆ?

ಮೊದಲು ಮೇಲ್ಹಲಗೆ ಇಡೀ ಮರದ್ದೋ ಪ್ಲೈವುಡ್ಡಿನದೋ ಎಂದು ನೋಡಿ. ಬೆಲೆಯ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಬ್ರಾಂಡ್ ಹೆಸರು ಆಮೇಲಿನ ಮಾತು. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಗಿಬ್ಸನ್ ಕಂಪನಿಯ ಎಫ್-5 ಮ್ಯಾಂಡೊಲಿನ್ ಮಾದರಿಯನ್ನು ನಕಲು ಮಾಡಿದವು. ಆದರೆ ಇಬಾನೆಜ್, ಆರಿಯಾದಂಥ ಒಂದೇ ಹೆಸರಿನಡಿ ಅಗ್ಗದ ವಾದ್ಯವೂ ಬಂತು, ಅಚ್ಚುಕಟ್ಟಾದದ್ದೂ ಬಂತು.

ಪರೀಕ್ಷೆ ಸುಲಭ. ‘ಎಫ್’ ಆಕಾರದ ರಂಧ್ರದ ಅಂಚಿಗೆ ಟಾರ್ಚ್ ಹಿಡಿಯಿರಿ. ಮೇಲೆ ಕಾಣುವ ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಮುಂದುವರಿದರೆ ಇಡೀ ಮರ. ಪದರಗಳು ಕಂಡರೆ ಪ್ಲೈವುಡ್. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ ರಂಧ್ರದ ಮೂಲಕ ಒಳಭಾಗವನ್ನು ಇಣುಕಿ ನೋಡಬೇಕು.

ಇಷ್ಟು ವ್ಯತ್ಯಾಸ ಏಕೆ? ಸ್ಪ್ರೂಸ್ ಎಂಬ ಸೂಚಿಪರ್ಣಿ ಮರದಿಂದ ಕೆತ್ತಿದ ಹಲಗೆ ನಡುವೆ ದಪ್ಪ, ಅಂಚಿನತ್ತ ತೆಳು. ನಡುಭಾಗ ತಂತಿಗಳ ಒತ್ತಡವನ್ನು ತಾಳುತ್ತದೆ, ಅಂಚು ಸಲೀಸಾಗಿ ಕಂಪಿಸುತ್ತದೆ. ಪ್ಲೈವುಡ್‌ನಲ್ಲಿ ಅಡ್ಡ-ಉದ್ದ ಅಂಟಿಸಿದ ಪದರಗಳು ಆ ಕಂಪನವನ್ನು ತಡೆಯುತ್ತವೆ; ದನಿ ಚಪ್ಪೆಯಾಗುತ್ತದೆ.

ಮುಂದಿನದು ಕುತ್ತಿಗೆ. ಎಂಟು ತಂತಿಗಳು ದಶಕಗಟ್ಟಲೆ ಎಳೆದಿರುತ್ತವೆ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಡಿ. ಬಾಗಿದ್ದು, ಒಳಗಿನ ಸರಿಹೊಂದಿಸುವ ಸರಳಿನಿಂದಲೂ ನೇರವಾಗದಿದ್ದರೆ ಬೇಡ. ತಂತಿಗಳನ್ನು ಹೊರುವ ಬ್ರಿಡ್ಜ್ ಕೆಳಗೆ ಹಲಗೆ ಕುಸಿದಿದ್ದರೂ ಬೇಡ, ದುರಸ್ತಿಯ ಖರ್ಚು ಬೆಲೆಯನ್ನು ನುಂಗುತ್ತದೆ. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳು ಸವೆದಿದ್ದರೆ ಹೆದರಬೇಡಿ: ಅವನ್ನು ಬದಲಿಸಬಹುದು, ಹಿಂದಿನವರು ಇಷ್ಟಪಟ್ಟು ನುಡಿಸಿದ್ದಕ್ಕೆ ಗುರುತೂ ಹೌದು. ಮುತ್ತಿನ ಚಿಪ್ಪಿನ ಅಲಂಕಾರಕ್ಕಂತೂ ನಾನು ಹೆಚ್ಚಿನ ಹಣ ಕೊಡುವುದಿಲ್ಲ.